ಬಟ್ಟೆಯ ಆ ಕಡೆ

ಮಾರ್ಚ್ ೪, ಸೋಮವಾರ

ಮೊದಲ ದಿನ ಮುಗಿಯಿತು. ಕೋಣೆ ಆರಡಿ ಅಗಲ, ಎಂಟಡಿ ಉದ್ದ. ಹಿಂದೆ ಗಡಿಯಾರ ರಿಪೇರಿ ಅಂಗಡಿಯಾಗಿತ್ತಂತೆ. ಗೋಡೆಯ ತುಂಬ ಮೊಳೆಗಳಿವೆ, ಒಂದೊಂದು ಮೊಳೆಯ ಕೆಳಗೂ ದುಂಡನೆಯ ಬಿಳಿ ಗುರುತು. ಬೀದಿಯ ಕಡೆ ಪೂರ್ತಿ ಗಾಜು. ಇಪ್ಪತ್ತೊಂದು ದಿನ ಇದರೊಳಗೆ ಕೂತು, ಬೀದಿಯವರೆಲ್ಲ ನೋಡುತ್ತಿರುವಾಗ, ಇಬ್ಬರು ಸೇರಿ ಒಂದು ಕೆಲಸ ಮಾಡಬೇಕು. ಇಬ್ಬರಲ್ಲಿ ಒಬ್ಬರು ಕಲಾವಿದರಾಗಿರಬಾರದು. ಈ ಕಲಾ ಯೋಜನೆಯ ಸಂಯೋಜಕಿ ಹಾಕಿದ ಷರತ್ತು ಇಷ್ಟೇ.

ನಾನು ಯೋಚಿಸಿದ್ದು ಹೀಗೆ. ದಪ್ಪ ಕೋರಾ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಕೋಣೆಯ ನಡುವೆ ಪರದೆಯ ಹಾಗೆ ನಿಲ್ಲಿಸುವುದು. ಬೀದಿಯ ಕಡೆ ನಾನು, ಆ ಕಡೆ ಅವರು. ಇಬ್ಬರಿಗೂ ಸೇರಿ ಒಂದೇ ಸೂಜಿ. ನಾನು ಚುಚ್ಚಿದರೆ ಅವರು ಎಳೆದುಕೊಂಡು ವಾಪಸ್ ಚುಚ್ಚಬೇಕು. ಚಿತ್ರದ ಗೆರೆ ನನ್ನ ಕಡೆ ಮಾತ್ರ ಇದೆ: ಊಟ ಮುಗಿದ ಮೇಲಿನ ಒಂದು ಮೇಜು, ನಾಲ್ಕು ಕುರ್ಚಿ, ತಟ್ಟೆ, ಲೋಟ. ಅವರಿಗೆ ಆ ಗೆರೆ ಕಾಣುವುದಿಲ್ಲ. ಸೂಜಿ ನನ್ನ ಕಡೆ ಎಲ್ಲಿ ಹೊರಬರಬೇಕು ಎನ್ನುವುದು ಅವರ ಅಂದಾಜಿಗೆ ಬಿಟ್ಟದ್ದು.

ಅವರು ಎಂದರೆ ದರ್ಜಿ. ಇದೇ ಬೀದಿಯ ತುದಿಯಲ್ಲಿ ಹಳೆ ಬಟ್ಟೆ ಸರಿಪಡಿಸುವ ಅಂಗಡಿ ಇಟ್ಟಿದ್ದಾರೆ, ಮೂವತ್ತೈದು ವರ್ಷದಿಂದ. ಅರವತ್ತರ ಹತ್ತಿರ. ಬೀದಿಯವರು ದರ್ಜಿ ಅಕ್ಕ ಎನ್ನುತ್ತಾರೆ. ಕೋಣೆಗೆ ಬಂದವರೇ ಕೇಳಿದರು, “ಮೇಡಂ, ನಾನು ಒಳಗಡೆ ಕೂರೋದಾ? ಒಳ್ಳೇದಾಯ್ತು ಬಿಡಿ, ನನ್ನ ಮುಖ ನೋಡಿ ಯಾರಿಗೇನಾಗಬೇಕು.”

ಒಳಗಡೆ ಅವರೇ ಕೂರಬೇಕೆಂದು ನಾನು ಹೇಳಿರಲಿಲ್ಲ. ಸ್ಟೂಲನ್ನು ಹಾಕಿಟ್ಟಿದ್ದೆ, ಅಷ್ಟೆ. ಬೀದಿಯವರಿಗೆ ಕಾಣುವುದು ಚಿತ್ರ, ನನ್ನ ಬೆನ್ನು, ಬಟ್ಟೆಯ ಕೆಳಗೆ ಎರಡು ಪಾದ.

ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದಿದ್ದೆ. ಇಂಗ್ಲಿಷಿನಲ್ಲಿ ಬರೆದರೆ ನಾನು ಬಹಳ ಜಾಣೆಯಾಗಿಬಿಡುತ್ತೇನೆ. ‘ನಿಯಂತ್ರಣವನ್ನು ಬಿಟ್ಟುಕೊಡುವುದು’ ಎಂದು ಎರಡು ಪುಟ. ಇದನ್ನು ಕನ್ನಡದಲ್ಲೇ ಬರೆಯುತ್ತೇನೆ. ಕನ್ನಡದಲ್ಲಿ ಅಷ್ಟು ಚೆನ್ನಾಗಿ ಸುಳ್ಳು ಹೇಳಲು ನನಗೆ ಬರುವುದಿಲ್ಲ.

ಮಾರ್ಚ್ ೬, ಬುಧವಾರ

ಸೂಜಿ ಹೋಗುತ್ತದೆ, ಬರುತ್ತದೆ. ಮೊದಲ ದಿನ ನಲವತ್ತು ಹೊಲಿಗೆ, ಇವತ್ತು ತೊಂಬತ್ತು. ಬೆರಳಿಗೆ ಅಭ್ಯಾಸವಾಗಿದೆ. ಆ ಕಡೆಯಿಂದ ಮಾತೂ ಬರುತ್ತದೆ. “ಇದು ಮೇಜಾ ಮೇಡಂ, ಕುರ್ಚಿಯಾ?” “ಕುರ್ಚಿ.” “ನನಗೆ ಇಲ್ಲಿಂದ ಬರೀ ಇರುವೆ ಸಾಲು ಕಾಣ್ತಿದೆ.”

ಆದರೆ ಕುರ್ಚಿ ಸೊಟ್ಟಗಾಗಿದೆ. ಹಿಂದಿನ ಕಾಲು ಹೊರಕ್ಕೆ ವಾಲಿದೆ, ಒರಗುವ ಹಲಗೆ ಎಡಕ್ಕೆ ಹೊರಳಿದೆ. ಇದೇ ನನಗೆ ಬೇಕಾಗಿದ್ದುದಲ್ಲವೇ? ಎರಡು ಪುಟ ಬರೆದಿದ್ದೆನಲ್ಲ?

ಮನೆಯಲ್ಲಿ ಇವರು ಕೇಳಿದರು, “ಗಾಜಿನ ಪೆಟ್ಟಿಗೇಲಿ ಕೂತು ಹೇಗನ್ನಿಸುತ್ತೆ? ಯಾರಾದ್ರೂ ಬೆಲೆ ಕೇಳಿದ್ರಾ?” ನಗು ಬಂತು. ಆದರೆ ಊಟ ಮಾಡುವಾಗ ನಮ್ಮ ಕುರ್ಚಿಯ ಕಾಲನ್ನೇ ನೋಡುತ್ತಿದ್ದೆ.

ಮಾರ್ಚ್ ೭, ಗುರುವಾರ

ದರ್ಜಿ ಆರು ಗಂಟೆಗೆ ಅಂಗಡಿಗೆ ಹೊರಟುಬಿಡುತ್ತಾರೆ. ಸಂಜೆಯ ಗಿರಾಕಿಗಳಿರುತ್ತಾರೆ. ನಾನು ದೀಪ ಆರಿಸಿ ಬಾಗಿಲು ಹಾಕಬೇಕು.

ಇವತ್ತು ದೀಪ ಆರಿಸಲಿಲ್ಲ. ಕತ್ತರಿ ತೆಗೆದುಕೊಂಡು ಕುರ್ಚಿಯ ಹಿಂದಿನ ಕಾಲು ಬಿಚ್ಚಿದೆ. ಹನ್ನೊಂದು ಹೊಲಿಗೆ. ಚೌಕಟ್ಟಿನ ಹಗ್ಗವನ್ನು ಸ್ವಲ್ಪ ಸಡಿಲಿಸಿದರೆ ಮುಂದಿನಿಂದಲೇ ಸೂಜಿಯನ್ನು ಒಳಗೆ ಹಾಕಿ ಹೊರಗೆ ತೆಗೆಯಬಹುದು, ಆ ಕಡೆ ಯಾರೂ ಬೇಕಾಗಿಲ್ಲ. ಗೆರೆಯ ಮೇಲೆ ನೆಟ್ಟಗೆ ಹೊಲಿದೆ. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ.

ಒಂದೇ ಕಾಲು. ಸೊಟ್ಟಗಿದ್ದದ್ದು ಅರ್ಥದಿಂದಲ್ಲ, ಅಜಾಗ್ರತೆಯಿಂದ. ಅವೆರಡಕ್ಕೂ ವ್ಯತ್ಯಾಸವಿದೆ ಎಂದು ನನ್ನ ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಹೇಳಿದ್ದೇನೆ.

ಮಾರ್ಚ್ ೯, ಶನಿವಾರ

ನಿನ್ನೆ ಒರಗುವ ಹಲಗೆಯನ್ನೂ ಸರಿ ಮಾಡಿದ್ದೆ.

ಇವತ್ತು ಕೂತ ಐದೇ ನಿಮಿಷಕ್ಕೆ ಆ ಕಡೆಯಿಂದ ದನಿ ಬಂತು. “ಮೇಡಂ, ಇಲ್ಲಿ ಖಾಲಿ ತೂತುಗಳಿವೆಯಲ್ಲ? ಹೊಲಿಗೆ ಪಕ್ಕದಲ್ಲಿದೆ, ತೂತು ಇಲ್ಲಿದೆ.”

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ.

“ಮೊನ್ನೆ ನಾನು ಹೀಗೇ ಹಾಕಿದ್ನಾ? ಇಷ್ಟು ಹತ್ತಿರ ಹತ್ತಿರ ನಾನು ಹಾಕಲ್ವಲ್ಲ.”

ಆ ಹೊತ್ತಿನಲ್ಲಿ ನಿಜ ಹೇಳುವುದು ಬಹಳ ಸುಲಭವಾಗಿತ್ತು. ‘ನಾನು ಸ್ವಲ್ಪ ಸರಿ ಮಾಡಿದೆ’ ಎಂದರೆ ಅವರು ‘ಓಹೋ’ ಎನ್ನುತ್ತಿದ್ದರು, ಮುಗಿಯುತ್ತಿತ್ತು. ನಾನು ಹೇಳಿದ್ದು, “ನೀವೇ ಹಾಕಿದ್ದು. ಆವತ್ತು ಸುಸ್ತಾಗಿದ್ರೇನೋ.”

“ಹಾಗಾ?” ಎಂದರು. ಮತ್ತೆ ತಾವೇ, “ಇರಬಹುದು. ಚುಚ್ಚಿ ಚುಚ್ಚಿ ನೋಡಿದೆ ಅನ್ಸುತ್ತೆ.”

ಆಮೇಲೆ ಇಡೀ ದಿನ ಸೂಜಿ ನಿಧಾನವಾಗಿ ಬಂತು. ಪ್ರತಿ ಸಲ ಚುಚ್ಚುವ ಮುಂಚೆ ಅವರು ಬೆರಳಿಂದ ಬಟ್ಟೆಯನ್ನು ತಡವುತ್ತಿದ್ದರು. ನನ್ನ ಕಡೆ ಬಟ್ಟೆ ಆ ಬೆರಳಿನಷ್ಟೇ ಉಬ್ಬುತ್ತಿತ್ತು.

ಮಾರ್ಚ್ ೧೨, ಮಂಗಳವಾರ

ಮತ್ತೆ ಬಿಚ್ಚಿದೆ. ಇಪ್ಪತ್ತಾರು ಹೊಲಿಗೆ. ಎರಡನೇ ಕುರ್ಚಿ, ಮೇಜಿನ ಅಂಚು.

ಕೊನೆಯ ದಿನ ದೊಡ್ಡ ಗ್ಯಾಲರಿಯವರು ಬರುತ್ತಾರಂತೆ. ನಾನು ಒಬ್ಬಳೇ ಪ್ರದರ್ಶನ ಮಾಡಿ ಹನ್ನೊಂದು ವರ್ಷವಾಯಿತು.

ಮಾರ್ಚ್ ೧೪, ಗುರುವಾರ

ಇವತ್ತು ದರ್ಜಿಯವರು ಮಧ್ಯಾಹ್ನ ಬರಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಹೋಗುವ ಮುಂಚೆ ಮತ್ತೊಂದು ಸಲ ಕೇಳಿದರು, “ಮೊನ್ನೆ ಮೇಜಿನ ಅಂಚು ನಾನೇ ಹಾಕಿದ್ದು ಅಲ್ವಾ ಮೇಡಂ? ನೀವು ಇದ್ರಲ್ಲ, ನೋಡಿದ್ರಲ್ಲ?”

“ಹೌದು” ಎಂದೆ. ಒಂದೇ ಮಾತು. ಎರಡನೆಯ ಸಲ ಹೇಳುವಾಗ ಅದು ಸುಳ್ಳಿನ ಹಾಗೆ ಕೇಳಿಸುವುದೂ ಇಲ್ಲ.

ಮನೆಗೆ ಬಂದು ಮಗಳ ಹತ್ತಿರ ಹೀಗೇ ಹೇಳಿದೆ, ಜೊತೆಯಲ್ಲಿ ಕೆಲಸ ಮಾಡುವವರ ಗೆರೆ ಸೊಟ್ಟಗಾದರೆ ಏನು ಮಾಡುವುದು ಎಂದು. ಅವಳು ಫೋನಿನಿಂದ ತಲೆ ಎತ್ತಲಿಲ್ಲ. “ನೀನು ಸರಿ ಮಾಡಿರ್ತೀಯ.”

“ನಾನೆಲ್ಲಿ ಹಾಗಂದೆ?”

“ನಾಲ್ಕನೇ ಕ್ಲಾಸಲ್ಲಿ ನನ್ನ ಆನೆ ಚಿತ್ರಕ್ಕೆ ಬಹುಮಾನ ಬಂತಲ್ಲ, ಅದು ನಾನು ಬರೆದ ಆನೆ ಅಲ್ಲ. ನಾನು ಮಲಗಿದ ಮೇಲೆ ನೀನು ತಿದ್ದಿದ್ದೆ. ನನ್ನ ಆನೆಗೆ ಅಷ್ಟು ಚಂದದ ಕಾಲಿರಲಿಲ್ಲ.”

“ನಿನಗೆ ಗೊತ್ತಿತ್ತಾ?”

“ಅಮ್ಮಾ, ನನ್ನ ಆನೆ ನನಗೆ ಗೊತ್ತಾಗಲ್ವಾ?”

ಅವಳಿಗೀಗ ಹದಿನಾರು. ಚಿತ್ರ ಬರೆಯುವುದಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಬರೆಯಲು ಹೊರಟೆ. ಸಂಬಂಧ ಇದೆಯೋ ಇಲ್ಲವೋ ನನಗೆ ತಿಳಿಯದು.

ಮಾರ್ಚ್ ೧೫, ಶುಕ್ರವಾರ

“ಕಣ್ಣು ಸರಿ ಇದೆಯಂತೆ ಮೇಡಂ. ಈ ಕನ್ನಡಕವೇ ಸಾಕಂತೆ.”

“ಒಳ್ಳೇದಾಯ್ತಲ್ಲ!” ಎಂದೆ. ನಿಜವಾಗಿಯೂ ಹಗುರವಾಯಿತು.

ಆ ಕಡೆಯಿಂದ ಸೂಜಿ ಬರಲಿಲ್ಲ. ಪಾದಗಳನ್ನು ನೋಡಿದೆ. ಒಂದರ ಮೇಲೊಂದು ಇಟ್ಟುಕೊಂಡಿದ್ದರು.

“ಏನು ಒಳ್ಳೇದು? ಕಣ್ಣಾಗಿದ್ರೆ ಕನ್ನಡಕ ಹಾಕ್ಬಹುದಿತ್ತು. ಕಣ್ಣಲ್ಲ ಅಂದ್ರೆ ತಲೆ. ನಮ್ಮಕ್ಕನಿಗೂ ಹೀಗೇ ಶುರುವಾಗಿದ್ದು. ತಾನೇ ಮಡಚಿಟ್ಟ ಬಟ್ಟೆ ನೋಡಿ ಯಾರು ಮಡಚಿದ್ದು ಅಂತ ಕೇಳೋಳು. ಆಮೇಲೆ ಒಂದಿನ ನನ್ನನ್ನೇ ಕೇಳಿದ್ಲು, ನೀನು ಯಾರ ಮನೆಯೋಳಮ್ಮಾ ಅಂತ.”

ನನ್ನ ಕೈಯಲ್ಲಿ ಉತ್ತರವಿತ್ತು. ಹೊರಗೆ ಗಾಜಿಗೆ ಹಣೆ ಆನಿಸಿಕೊಂಡು ಇಬ್ಬರು ನಮ್ಮನ್ನು ನೋಡುತ್ತಿದ್ದರು. ಅವರು ಹೋಗಲಿ, ಹೇಳೋಣ ಎಂದುಕೊಂಡೆ. ಅವರು ಹೋದರು.

ಹೇಳಲಿಲ್ಲ.

ಮಾರ್ಚ್ ೧೮, ಸೋಮವಾರ

ಆರು ದಿನದಿಂದ ಬಿಚ್ಚಿಲ್ಲ. ಇದನ್ನು ಒಂದು ಸಾಧನೆಯ ಹಾಗೆ ಬರೆಯುತ್ತಿದ್ದೇನಲ್ಲ.

ದರ್ಜಿ ಅಕ್ಕ ಈಗ ಬರೆದಿಟ್ಟುಕೊಳ್ಳುತ್ತಾರೆ. ಸೀಮೆಸುಣ್ಣದಲ್ಲಿ ಬಟ್ಟೆಯ ಹಿಂದೆ ದಿನದ ಕೊನೆಯ ಹೊಲಿಗೆಗೊಂದು ಗುರುತು. ಮನೆಯಲ್ಲಿ ಒಲೆ ಆರಿಸಿದ್ದಕ್ಕೊಂದು, ಬಾಗಿಲು ಹಾಕಿದ್ದಕ್ಕೊಂದು ಚೀಟಿಯಂತೆ. ಸಂಜೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು, “ಶನಿವಾರ ಅಂಗಡೀನ ತಮ್ಮನ ಹೆಂಡ್ತಿಗೆ ಒಪ್ಪಿಸಿಬಿಡ್ತೀನಿ ಮೇಡಂ. ಅವಳ ಕೈ ಸ್ವಲ್ಪ ಒರಟು. ಆದ್ರೆ ತಲೆ ನೆಟ್ಟಗಿದೆ. ಯಾರದೋ ಒಳ್ಳೇ ಬಟ್ಟೆ ನಾನು ಹಾಳು ಮಾಡಿ, ನಾನೇ ಮಾಡಿಲ್ಲ ಅಂತ ವಾದಿಸೋದು ಬೇಡ ನೋಡಿ.”

“ಇಷ್ಟು ಅವಸರ ಯಾಕೆ?” ಎಂದೆ. ಕಾಳಜಿಯ ದನಿಯಲ್ಲಿ. ಆ ದನಿ ನನಗೆ ಬಹಳ ಚೆನ್ನಾಗಿ ಬರುತ್ತದೆ.

ಮಾರ್ಚ್ ೨೦, ಬುಧವಾರ

ಎದುರುಗಡೆ ಬೀಗದ ಕೈ ಮಾಡುವವನದು ಒಂದು ಡಬ್ಬಿಯಂಥ ಅಂಗಡಿ. ಹದಿನೇಳು ದಿನ ನೋಡಿದ ಮೇಲೆ ಇವತ್ತು ಮೊದಲ ಸಲ ಮಾತಾಡಿಸಿದ. ನಾನು ಬಾಗಿಲು ಹಾಕುತ್ತಿದ್ದೆ.

“ಏನು ಮೇಡಂ, ಸಂಜೆ ಆಟ ನಿಲ್ಲಿಸಿಬಿಟ್ರಾ?”

“ಯಾವ ಆಟ?”

“ಅದೇ, ಅಕ್ಕ ಹೋದ ಮೇಲೆ ಬಿಚ್ಚೋದು. ನಾವೆಲ್ಲ ಕಾಯ್ತಿದ್ವಿ. ಪಕ್ಕದ ಚಪ್ಪಲಿಯವನಂತೂ ಅಂಗಡಿ ಮುಚ್ಚೋದನ್ನೇ ತಡ ಮಾಡ್ತಿದ್ದ. ಅವರು ಹಗಲೆಲ್ಲ ಕಟ್ತಾರೆ, ಇವರು ಸಂಜೆ ಕೆಡವ್ತಾರೆ, ಏನೋ ಅರ್ಥ ಇಟ್ಟಿದ್ದಾರಪ್ಪ ಅಂತ ನಾವು.”

ದೀಪ ಹಾಕಿಕೊಂಡು, ಗಾಜಿನ ಮನೆಯಲ್ಲಿ, ಬೀದಿಗೆ ಬೆನ್ನು ಹಾಕಿ ಕೂತು ನಾನು ಕದ್ದು ಮಾಡುತ್ತಿದ್ದೆ. ನನಗೆ ಅವರು ಕಾಣದಿದ್ದರೆ ಅವರಿಗೆ ನಾನೂ ಕಾಣುವುದಿಲ್ಲ ಎನ್ನುವ ಹಾಗೆ. ಎರಡು ವರ್ಷದ ಮಗು ಕಣ್ಣು ಮುಚ್ಚಿಕೊಂಡು ಬಚ್ಚಿಟ್ಟುಕೊಳ್ಳುತ್ತದಲ್ಲ, ಹಾಗೆ.

“ಒಂದು ಹೇಳ್ಲಾ ಮೇಡಂ, ಬೇಜಾರು ಮಾಡ್ಕೋಬೇಡಿ. ಮೊದಲಿದ್ದ ಕುರ್ಚೀನೇ ಚೆನ್ನಾಗಿತ್ತು. ಈಗ ತಾನೇ ಯಾರೋ ಎದ್ದು ಹೋದ ಹಾಗಿತ್ತು. ಈಗ ಮಾರೋಕಿಟ್ಟ ಹಾಗಿದೆ.”

“ಅಕ್ಕನಿಗೆ ಗೊತ್ತಾ ಇದು?” ಎಂದು ಕೇಳಿದೆ. ನನ್ನ ಮೊದಲ ಯೋಚನೆ ಇದೇ ಆಗಿತ್ತು. ಬರೆದಿಡುತ್ತೇನೆ.

“ಅವರಿಗೆ ಗೊತ್ತಿಲ್ದೆ ಇರುತ್ತಾ? ಇಬ್ಬರೂ ಸೇರಿ ತಾನೇ ಮಾಡ್ತಿರೋದು.”

ಇಡೀ ಬೀದಿಗೆ ಗೊತ್ತು. ಬಟ್ಟೆಯ ಆ ಕಡೆ ಕೂತ ಒಬ್ಬರಿಗೆ ಬಿಟ್ಟು.

ಮಾರ್ಚ್ ೨೧, ಗುರುವಾರ

ಹೇಳಿದೆ.

ಮುಖ ನೋಡಿ ಹೇಳಲಿಲ್ಲ. ಅವರು ಆ ಕಡೆ ಕೂತ ಮೇಲೆ, ಸೂಜಿ ಚುಚ್ಚುವ ಮುಂಚೆ, ಬಟ್ಟೆಗೆ ಹೇಳಿದೆ. ಕುರ್ಚಿಯ ಕಾಲು, ಹಲಗೆ, ಎರಡನೇ ಕುರ್ಚಿ, ಮೇಜಿನ ಅಂಚು, ಎಲ್ಲ ನಾನು ಬಿಚ್ಚಿ ಹಾಕಿದ್ದು. ನೀವು ಮರೆತಿಲ್ಲ. ನಿಮಗೇನೂ ಆಗಿಲ್ಲ.

ಸ್ಟೂಲು ಬಿದ್ದ ಸದ್ದಾಯಿತು. ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡವಾಗಿ ತೂರಿಕೊಂಡು ಅಕ್ಕ ಈ ಕಡೆ ಬಂದರು. ಬೈಯಲು ಬಂದರೆಂದು ಎದ್ದು ನಿಂತೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ನಗುತ್ತಿದ್ದರು.

“ಹಾಗಾದ್ರೆ ನನ್ನ ತಲೆ ಸರಿ ಇದೆ! ನಾನು ಹಾಕಿರ್ಲಿಲ್ಲ, ಅಲ್ವಾ? ಅಯ್ಯೋ, ನಾನು ಹಾಕಿರ್ಲೇ ಇಲ್ಲ ಅಲ್ವಾ? ಇನ್ನೊಂದು ಸಲ ಹೇಳಿ.”

ಇನ್ನೊಂದು ಸಲ ಹೇಳಿದೆ. ಮೂರನೇ ಸಲವೂ ಹೇಳಿಸಿದರು. ನನ್ನ ಕೈಯನ್ನು ಅಲ್ಲಾಡಿಸಿ ಅಲ್ಲಾಡಿಸಿ ನಕ್ಕರು. ಅವರು ಕೆನ್ನೆಗೆ ಹೊಡೆದಿದ್ದರೆ ನನಗೆ ಇದಕ್ಕಿಂತ ಸುಲಭವಾಗುತ್ತಿತ್ತು.

ಆಮೇಲೆ ನನ್ನ ಸ್ಟೂಲಿನ ಮೇಲೆ ಕೂತರು. ನಗು ಮೆಲ್ಲಗೆ ಇಳಿಯಿತು.

“ನಾನು ನಿಮ್ಮನ್ನ ಕೇಳಿದೆ.”

“ಹೌದು.”

“ಎರಡು ಸಲ ಕೇಳಿದೆ.”

“ಹೌದು ಅಕ್ಕ.”

“ಮಲಗೋವಾಗ ಎಲ್ಲರ ಹೆಸರೂ ಹೇಳ್ಕೋತಿದ್ದೆ ಕಣಮ್ಮಾ. ತಮ್ಮ, ತಮ್ಮನ ಮಕ್ಕಳು, ಅಂಗಡಿಗೆ ಬರೋರು, ಯಾರ ತೋಳು ಎಷ್ಟು ಗೇಣು ಅನ್ನೋದು. ಒಂದಾದ್ರೂ ಬಿಟ್ಟುಹೋಯ್ತಾ ಅಂತ. ನೀವು ಒಂದು ಕುರ್ಚಿ ಕಾಲು ನೆಟ್ಟಗೆ ಬರಲಿ ಅಂತ…”

ಕನ್ನಡಕದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಗಾಜಿನ ಹೊರಗೆ ನಾಲ್ಕಾರು ಜನ ನಿಂತಿದ್ದರು. ಅವರಲ್ಲಿ ಒಬ್ಬಾಕೆ ಚಪ್ಪಾಳೆ ತಟ್ಟಿದಳು.

ಬೀಗದವನು ಮಾತಾಡಿಸದಿದ್ದರೂ ಶನಿವಾರದ ಒಳಗೆ ನಾನು ಹೇಳಿಯೇ ಹೇಳುತ್ತಿದ್ದೆ ಎಂದು ಬರೆಯಲು ಪೆನ್ನು ಎತ್ತಿದೆ. ಬರೆಯುವುದಿಲ್ಲ.

ಮಾರ್ಚ್ ೨೨, ಶುಕ್ರವಾರ

ಅಕ್ಕ ಬರಲಿಲ್ಲ. ಬರುತ್ತಾರೆಂದು ಕಾದೆ ಎನ್ನುವುದೇ ನಾಚಿಕೆಗೇಡು. “ಅಂಗಡಿ ತೆಗೆದಿದ್ದಾರೆ, ಯಾರಿಗೂ ಒಪ್ಪಿಸಲ್ವಂತೆ” ಎಂದು ಬೀಗದವನು ಹೇಳಿದ. ಅವನಿಗೂ ಈಗ ವಿಷಯ ಗೊತ್ತು. ಮುಖ ಬೇರೆ ಕಡೆ ಇಟ್ಟುಕೊಂಡು ಹೇಳಿದ.

ಸಂಯೋಜಕಿಗೆ ಫೋನಿನಲ್ಲಿ ಎಲ್ಲ ತಿಳಿಸಿದೆ. “ಕೊನೆ ಮೂರು ದಿನ ಮುಚ್ಚಿಬಿಡೋಣ್ವಾ?” ಎಂದರು. ಬೇಡ ಎಂದೆ.

ನಾನು ಹೊಲಿದದ್ದನ್ನೆಲ್ಲ ಹಗಲಲ್ಲೇ ಬಿಚ್ಚಿದೆ. ಎಲ್ಲ ಸೇರಿ ಐವತ್ತೆಂಟು ಹೊಲಿಗೆ. ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿದೆ. ಸಡಿಲವಿದ್ದಾಗ ಕಾಣದ ಅವರ ಹಳೆಯ ತೂತುಗಳು ಬಿಗಿದಾಗ ಒಂದೊಂದಾಗಿ ಬಾಯಿ ಬಿಟ್ಟವು. ಅದೇ ತೂತುಗಳಲ್ಲಿ ಅವರ ಹೊಲಿಗೆಯನ್ನು ವಾಪಸ್ ಹಾಕಬೇಕು.

ಆದರೆ ಬಿಗಿದ ಬಟ್ಟೆಯಲ್ಲಿ ಒಂದೇ ಕಡೆಯಿಂದ ಹೊಲಿಯಲಾಗುವುದಿಲ್ಲ. ಮುಂದೆ ಚುಚ್ಚಬೇಕು, ಎದ್ದು ಸಂದಿಯಲ್ಲಿ ಹೊಟ್ಟೆ ಎಳೆದುಕೊಂಡು ತೂರಿ ಹಿಂದೆ ಹೋಗಬೇಕು, ಸೂಜಿ ಎಳೆದು ಚುಚ್ಚಬೇಕು, ಮತ್ತೆ ತೂರಿ ಮುಂದೆ ಬರಬೇಕು. ಒಂದು ಹೊಲಿಗೆಗೆ ಎರಡು ಓಡಾಟ. ಸಂಜೆಗೆ ಹದಿನೇಳು ಹೊಲಿಗೆ. ಹೊರಗೆ ನಿಂತವರು ಮೊದಲು ನಕ್ಕರು, ಆಮೇಲೆ ನಗಲಿಲ್ಲ.

ಹಿಂಬದಿಯಲ್ಲಿ ನಾನು ಇಷ್ಟು ದಿನ ಕಾಲಿಟ್ಟಿರಲಿಲ್ಲ. ಅಲ್ಲಿ ಗಾಳಿಯೇ ಇಲ್ಲ.

ಮಾರ್ಚ್ ೨೩, ಶನಿವಾರ

ಇಪ್ಪತ್ತೆರಡು. ಮೊಣಕೈ ಗೋಡೆಗೆ ಉಜ್ಜಿ ಸಿಪ್ಪೆ ಎದ್ದಿದೆ. ಮಗಳು ನೋಡಲು ಬಂದಿದ್ದಳು. ಗಾಜಿನಾಚೆ ಅರ್ಧ ಗಂಟೆ ನಿಂತಿದ್ದು ಟ್ಯೂಷನ್ನಿಗೆ ಹೋದಳು.

ಮಾರ್ಚ್ ೨೪, ಭಾನುವಾರ

ಬೆಳಿಗ್ಗೆ ದೊಡ್ಡ ಗ್ಯಾಲರಿಯವರು ಬಂದರು. ನಾನು ಸಂದಿಯಲ್ಲಿ ತೂರಿಕೊಳ್ಳುವುದನ್ನು ನೋಡಿ ಕೇಳಿದರು, “ಈ ಓಡಾಟವೂ ಕೃತಿಯ ಭಾಗವೇ?”

“ಅಲ್ಲ. ಜೊತೆಗಿದ್ದವರ ಹೊಲಿಗೆಯನ್ನು ಕದ್ದು ಬಿಚ್ಚಿದ್ದೆ. ವಾಪಸ್ ಹಾಕುತ್ತಿದ್ದೇನೆ.”

ಅವರು ಸಭ್ಯವಾಗಿ ನಕ್ಕರು. ಫೋಟೋ ತೆಗೆದುಕೊಂಡು ಹೋದರು. ಮತ್ತೆ ಕರೆ ಬರಲಾರದು. ಅದರ ಬಗ್ಗೆ ಇಷ್ಟೇ ಬರೆಯಲು ತೋಚುತ್ತಿದೆ.

ಮೂರು ಗಂಟೆಗೆ ಐವತ್ತೆಂಟೂ ಮುಗಿದವು. ಮೇಜು ಇನ್ನೂ ಅರ್ಧ, ಎರಡು ಕುರ್ಚಿಗಳು ಬರೀ ಪೆನ್ಸಿಲ್ ಗೆರೆ. ದಾರ ಸುತ್ತುತ್ತಿದ್ದಾಗ ಬೀದಿಯಲ್ಲಿ ಅಕ್ಕ ನಿಂತಿರುವುದು ಕಾಣಿಸಿತು. ಎಷ್ಟು ಹೊತ್ತಿನಿಂದಲೋ. ಅವರು ಚಿತ್ರವನ್ನು ಮುಂದಿನಿಂದ ನಿಂತು ನೋಡುತ್ತಿದ್ದರು. ನನ್ನನ್ನು ನೋಡುತ್ತಿರಲಿಲ್ಲ.

ಒಳಗೆ ಬಂದರು. ಬಟ್ಟೆಯ ಹತ್ತಿರ ಕನ್ನಡಕ ಏರಿಸಿ ಇಳಿಸಿ ಪ್ರತಿ ಹೊಲಿಗೆಯನ್ನೂ ನೋಡಿದರು.

“ಎಲ್ಲಾ ವಾಪಸ್ ಹಾಕಿದೀರಾ?”

“ಎಲ್ಲಾ.”

“ತೂತು ನೋಡ್ಕೊಂಡು?”

“ಹೌದು ಅಕ್ಕ. ಅವೇ ತೂತು.”

ಕುರ್ಚಿಯ ಒರಗುವ ಹಲಗೆಯ ಮೇಲೆ ಬೆರಳಿಟ್ಟರು. “ಇವು ಮೂರು ನಾನು ನಿಜವಾಗ್ಲೂ ತಪ್ಪು ಹಾಕಿದ್ದು. ಆವತ್ತು ಅಂಗಡಿಗೆ ಹೊತ್ತಾಯ್ತು ಅಂತ ಅವಸರದಲ್ಲಿ ಚುಚ್ಚಿದ್ದೆ. ಮಾರನೇ ದಿನ ನಾನೇ ಹೇಳಿ ಬಿಚ್ಚಿಸೋಣ ಅಂತಿದ್ದೆ. ಇವನ್ನೂ ಹಾಕಿಬಿಟ್ರಾ?”

ಬಗ್ಗಿ ನೋಡಿದೆ. ಆ ಮೂರು ನನಗೆ ಉಳಿದವುಗಳ ಹಾಗೆಯೇ ಕಂಡವು. ಬಿಚ್ಚುವಾಗಲೂ ಹಾಗೆಯೇ ಕಂಡಿದ್ದವು, ವಾಪಸ್ ಹಾಕುವಾಗಲೂ ಹಾಗೆಯೇ. ಅರ್ಥಕ್ಕೂ ಅಜಾಗ್ರತೆಗೂ ವ್ಯತ್ಯಾಸ ಗೊತ್ತೆಂದು ವರ್ಷಗಟ್ಟಲೆ ಪಾಠ ಹೇಳಿದವಳಿಗೆ.

“ನನಗೆ ಗೊತ್ತಾಗಲಿಲ್ಲ” ಎಂದೆ.

“ಹೂಂ. ಕತ್ತರಿ ಕೊಡಿ.”

ಕೊಟ್ಟೆ. ಬೀದಿಗೆ ಬೆನ್ನು ಹಾಕಿ ನನ್ನ ಸ್ಟೂಲಿನ ಮೇಲೆ ಕೂತು ಮೂರು ಹೊಲಿಗೆ ಬಿಚ್ಚಿದರು. ತುಂಡು ದಾರಗಳನ್ನು ಕೆಳಗೆ ಬೀಳಿಸದೆ ಸೆರಗಿನ ಮೇಲೆ ಹಾಕಿಕೊಂಡರು. ಸೂಜಿಗೆ ದಾರ ಪೋಣಿಸಿದರು, ಒಂದೇ ಸಲಕ್ಕೆ. ಆಮೇಲೆ ನನ್ನ ಕಡೆ ತಿರುಗದೆಯೇ ಅಂದರು, “ನೋಡ್ತಾ ನಿಂತ್ಕೋಬೇಡಿ. ಆ ಕಡೆ ಹೋಗಿ.”

ಸಂದಿಯಲ್ಲಿ ತೂರಿ ಹಿಂದೆ ಹೋಗಿ ಕೂತೆ. ಬಟ್ಟೆಯಿಂದ ಸೂಜಿಯ ಮೊನೆ ಹೊರಬಂತು. ಎಳೆದುಕೊಂಡೆ. ಎದುರಿಗೆ ಬರೀ ಕೋರಾ ಬಟ್ಟೆ. ಆಚೆ ಚಿತ್ರ ಎಲ್ಲಿದೆ, ಗೆರೆ ಎಲ್ಲಿದೆ, ಅವರ ಕೈ ಎಲ್ಲಿದೆ, ಒಂದೂ ತಿಳಿಯುವಂತಿರಲಿಲ್ಲ. ಹಳೆಯ ತೂತಿಗೆ ಹಾಕುವಂತಿಲ್ಲ, ಅದು ತಪ್ಪು.

“ಎಲ್ಲಿ ಚುಚ್ಚಲಿ ಅಕ್ಕ?”

ಆ ಕಡೆಯಿಂದ ತಕ್ಷಣ ಉತ್ತರ ಬಂತು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ.

“ನಾನು ಯಾವತ್ತಾದ್ರೂ ಕೇಳಿದ್ನಾ?”

ಬೆರಳಿಂದ ಬಟ್ಟೆಯನ್ನು ತಡವಿ, ಚುಚ್ಚಿದೆ. ಆಚೆಯಿಂದ ಸರಿಯೆಂದೋ ತಪ್ಪೆಂದೋ ಮಾತು ಬರಲಿಲ್ಲ. ದಾರ ನನ್ನ ಕೈಯಿಂದ ಪೂರ್ತಿ ಎಳೆದುಕೊಂಡು ಹೋಯಿತು. ಸ್ವಲ್ಪ ಹೊತ್ತಿಗೆ ಸೂಜಿ ವಾಪಸ್ ಬಂತು.